ಮೊಳಕೆ ಬರುವ ರಾಗಿಗೆ ಬೇರೆ ಧಾರಣೆ ಬೇಕು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ತಮ್ಮನ ಮನೆಯಿದೆ. ಅವನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗ. ಕಳೆದ ಬೇಸಿಗೆಯಲ್ಲಿ ಒಂದು ತಿಂಗಳು ಊರಿನಿಂದಲೇ ಕೆಲಸ ಮಾಡುತ್ತೇನೆಂದು ಬಂದಿದ್ದ. ಬಂದ ವಾರದಲ್ಲೇ ಅವನಿಗೊಂದು ಹುಕಿ ಹತ್ತಿತು. ಬೆಂಗಳೂರಿನಲ್ಲಿ ಈಗ ತಮ್ಮ ಮಳಿಗೆಯಲ್ಲೇ ಬಿಯರ್ ಕಾಯಿಸಿ ಮಾರುವವರಿದ್ದಾರೆ. ಅಲ್ಲಿ ರುಚಿ ನೋಡಿದ್ದನ್ನು ಮನೆಯ ತಾರಸಿಯ ಮೇಲೆ, ಕಾಳಿನಿಂದಲೇ ಆರಂಭಿಸಿ, ತಾನೇ ಮಾಡಿ ನೋಡಬೇಕೆಂಬುದು ಆ ಹುಕಿ.

ಬಿಯರಿಗೆ ಬೇಕಾದದ್ದು ನಾಲ್ಕೇ ಸಾಮಗ್ರಿ: ನೀರು, ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು, ಯೀಸ್ಟ್. ನಲ್ಲಿಯಲ್ಲಿ ನೀರಿತ್ತು. ಯೀಸ್ಟ್ ಬೇಕರಿಯವರ ಹತ್ತಿರ ಸಿಕ್ಕಿತು. ಹಾಪ್ಸಿನ ಹೆಸರು ಹೇಳಿದರೆ ಅಂಗಡಿಯವರು ಮುಖ ನೋಡಿದರು. ಬಾರ್ಲಿ ಎಂದೊಡನೆ ಗ್ರಂಧಿಗೆ ಅಂಗಡಿಯವರು ಉರಿಮೂತ್ರಕ್ಕೆ ಗಂಜಿ ಮಾಡಿ ಕುಡಿಯುವ ಬೆಳ್ಳನೆಯ ಬಾರ್ಲಿ ಕಾಳನ್ನು ಪೊಟ್ಟಣ ಕಟ್ಟಿಕೊಟ್ಟರು. ಹುಡುಗ ಅದನ್ನು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟ. ಮೂರು ದಿನವಾದರೂ ಒಂದು ಕಾಳೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ವಾಸನೆ ತಾಳಲಾರದೆ ಅವನ ತಾಯಿ ಗಂಟನ್ನು ಮೋರಿಗೆ ಸುರಿದರು. ಸಿಪ್ಪೆ ತೆಗೆದು ಉಜ್ಜಿ ನುಣುಪು ಮಾಡಿದ ಕಾಳು ಅದು. ಉಜ್ಜುವಾಗಲೇ ಮೊಳಕೆಯ ಕಣ್ಣು ಹೋಗಿರುತ್ತದೆ. ಸತ್ತ ಕಾಳಿಗೆ ನೀರು ಹಾಕಿದರೆ ಕೊಳೆಯುವುದಲ್ಲದೆ ಮತ್ತೇನಾದೀತು?

“ದೊಡ್ಡಪ್ಪ, ಈ ಊರಲ್ಲಿ ಬೆಣ್ಣೆ ದೋಸೆ ಸಿಗುತ್ತೆ, ಮಂಡಕ್ಕಿ ಸಿಗುತ್ತೆ, ಮೊಳಕೆ ಬರೋ ಒಂದು ಹಿಡಿ ಬಾರ್ಲಿ ಸಿಗಲ್ವಲ್ಲ!” ಎಂದು ಅವನು ನನ್ನ ಹತ್ತಿರ ಬಂದ. ವಿಸ್ತರಣಾ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಕಾಳಿನ ವಿಷಯವೆಂದರೆ ಮನೆಯವರೆಲ್ಲ ನನ್ನ ಕಡೆ ಕೈ ತೋರಿಸುತ್ತಾರೆ.

ಮೊದಲು ಅವನಿಗೆ ಕಾನೂನು ಹೇಳಿದೆ. ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಬಿಯರ್ ಕೂಡ ಮದ್ಯವೇ. ಸ್ವಂತಕ್ಕೆ, ಒಂದೇ ಕೊಡ, ಮನೆಯ ತಾರಸಿಯ ಮೇಲೆ ಎಂದರೆ ಬಿಡುವುದಿಲ್ಲ. ಪಾನನಿಷೇಧವನ್ನು ಸಡಿಲಿಸಿ ಆ ಕಾಯಿದೆ ಜಾರಿಗೆ ಬಂದದ್ದು 1967ರಲ್ಲಿ. ಆಗ ಮುಖ್ಯಮಂತ್ರಿಗಳಾಗಿದ್ದವರು ನಿನ್ನ ಬಡಾವಣೆಗೆ ಯಾರ ಹೆಸರಿದೆಯೋ ಆ ನಿಜಲಿಂಗಪ್ಪನವರೇ ಎಂದೂ ಹೇಳಿದೆ. ಹುಡುಗ ನಕ್ಕ. ಆದಕಾರಣ ಬಿಯರ್ ಮಾಡುವ ಕ್ರಮವನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುಗರು ಅದನ್ನು ನಿರೀಕ್ಷಿಸಬಾರದು.

ಆದರೆ ಅವನ ಹುಡುಕಾಟದಲ್ಲಿ ಬೇಸಾಯಗಾರರಾದ ನಾವು ಯೋಚಿಸಬೇಕಾದ ಒಂದು ವಿಷಯವಿತ್ತು. ಅವನಿಗೆ ಕೊರತೆಯಾದದ್ದು ಹಾಪ್ಸ್ ಅಲ್ಲ, ಯೀಸ್ಟೂ ಅಲ್ಲ. ಕೊರತೆಯಾದದ್ದು ಜೀವ ಇರುವ ಕಾಳು ಮತ್ತು ಅದನ್ನು ಮೊಳಕೆ ಕಟ್ಟಿ ಒಣಗಿಸುವ ಕೆಲಸ, ಎಂದರೆ ಮಾಲ್ಟ್. ಮಾತು ಕೇಳಿಸಿಕೊಳ್ಳುತ್ತ ಒಳಗೆ ಕುಳಿತಿದ್ದ ನಮ್ಮ ತಾಯಿಯವರು ಮೊಮ್ಮಗನಿಗೆ ಹೇಳಿದರು: “ಅದಕ್ಕೆ ಬಾರ್ಲಿ ಯಾಕಪ್ಪ? ನಿನಗೆ ಹಲ್ಲು ಬರೋ ಮುಂಚೆ ತಿನ್ನಿಸಿದ ರಾಗಿ ಸರಿ ನಾನು ಹೆಂಗೆ ಮಾಡ್ತಿದ್ದೆ ಅನ್ಕೊಂಡಿದ್ದಿ?”

ಮುದುಕಿ ಹೇಳಿದ್ದು ಸರಿ. ಬಿಯರ್ ಕಾಯಿಸುವವನು ಮಾಲ್ಟಿನಿಂದ ಮಾಡಿಸಿಕೊಳ್ಳುವ ಕೆಲಸ ಯಾವುದೋ, ನಮ್ಮ ತಾಯಂದಿರು ಮೊಳಕೆ ರಾಗಿಯಿಂದ ಮಾಡಿಸಿಕೊಳ್ಳುತ್ತಿದ್ದುದೂ ಅದೇ. ಕಾಳಿನಲ್ಲಿ ಪಿಷ್ಟ ತುಂಬಿರುತ್ತದೆ. ಎಳೆ ಸಸಿಗೆ ಪಿಷ್ಟವನ್ನು ಹಾಗೆಯೇ ಉಣ್ಣಲು ಬಾರದು. ಆದ್ದರಿಂದ ನೀರು ತಗುಲಿ ಕಾಳು ಎಚ್ಚೆತ್ತೊಡನೆ ತನ್ನೊಳಗೆ ಕಿಣ್ವಗಳನ್ನು ಉತ್ಪತ್ತಿ ಮಾಡಿ, ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸಲು ಆರಂಭಿಸುತ್ತದೆ. ಸಸಿ ಆ ಸಕ್ಕರೆಯನ್ನೆಲ್ಲ ತಿಂದು ಮುಗಿಸುವ ಮುನ್ನ ನಾವು ಮೊಳಕೆಯನ್ನು ಒಣಗಿಸಿ ನಿಲ್ಲಿಸಿಬಿಟ್ಟರೆ ಪಿಷ್ಟವೂ ಉಳಿಯಿತು, ಕತ್ತರಿಸುವ ಕಿಣ್ವವೂ ಉಳಿಯಿತು. ಅದೇ ಮಾಲ್ಟ್. ಅಂದಹಾಗೆ ಈ ‘ಕಿಣ್ವ’ ಎಂಬ ಮಾತು ನಮ್ಮ ವಿಜ್ಞಾನಿಗಳು ಹೊಸದಾಗಿ ಕಟ್ಟಿದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆ ಹುದುಗಿಸಲು ಹಾಕುವ ಹೆಪ್ಪಿಗೆ ಇದೇ ಹೆಸರಿದೆ.

ಇದನ್ನು ನಂಬಲಾರದವರು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಅರ್ಧ ಲೀಟರ್ ನೀರಿಗೆ 75 ಗ್ರಾಂ ಸಾಧಾರಣ ರಾಗಿ ಹಿಟ್ಟು ಹಾಕಿ ಗಂಟಿಲ್ಲದಂತೆ ಕುದಿಸಿ. ಸೌಟು ತಿರುಗಿಸಲು ಕಷ್ಟವಾಗುವಷ್ಟು ಗಟ್ಟಿಯಾದ ಗಂಜಿಯಾಗುತ್ತದೆ. ಅದನ್ನು ಎರಡು ಬಟ್ಟಲಿಗೆ ಹಾಕಿ, ಬೆರಳು ಅದ್ದಿದರೆ ಕಷ್ಟದಿಂದ ತಾಳಬಹುದಾದಷ್ಟು ಬಿಸಿಗೆ ಬರುವವರೆಗೆ ಆರಲು ಬಿಡಿ. ಈಗ ಒಂದು ಬಟ್ಟಲಿಗೆ ಮಾತ್ರ ಒಂದು ಸಣ್ಣ ಚಮಚ ಮೊಳಕೆ ರಾಗಿಯ ಹಿಟ್ಟನ್ನು ಹಾಕಿ ಕಲಕುತ್ತಿರಿ. ಹತ್ತು ನಿಮಿಷದೊಳಗೆ ಆ ಬಟ್ಟಲಿನ ಗಂಜಿ ಮಜ್ಜಿಗೆಯಂತೆ ಹರಿಯತೊಡಗುತ್ತದೆ. ನಾಲಿಗೆಗೆ ಹಚ್ಚಿ ನೋಡಿದರೆ ಬೆಲ್ಲ ಹಾಕದೆಯೇ ಸಣ್ಣ ಸಿಹಿ. ಇನ್ನೊಂದು ಬಟ್ಟಲು ಮುದ್ದೆಯಾಗಿ ಕುಳಿತಿರುತ್ತದೆ. ಹಿಟ್ಟಿನ ತೂಕದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಈ ವ್ಯತ್ಯಾಸದ ಬೆಲೆ ತಿಳಿಯಬೇಕಾದರೆ ಆರು ತಿಂಗಳು ತುಂಬಿದ ಕೂಸನ್ನು ನೋಡಬೇಕು. ಅದರ ಹೊಟ್ಟೆ ಒಂದು ಮುಷ್ಟಿಯಷ್ಟು. ಗಟ್ಟಿ ಗಂಜಿಯನ್ನು ಕೂಸು ನುಂಗಲಾರದು. ನುಂಗಲೆಂದು ತಾಯಿ ನೀರು ಬೆರೆಸಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುವುದು ನೀರಿನಿಂದ, ಮಗು ಸೊರಗುತ್ತದೆ. ಮೊಳಕೆ ಹಿಟ್ಟು ಹಾಕಿದ ಗಂಜಿಯಲ್ಲಿ ಹಿಟ್ಟು ಹೆಚ್ಚು, ನೀರು ಕಡಿಮೆ, ಆದರೂ ಅದು ಕುಡಿಯುವ ಹಾಗಿರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ ಎಂದು ಎಲ್ಲರೂ ಹೇಳುತ್ತಾರೆ. ಕೂಸಿನ ಹೊಟ್ಟೆಗೆ ಎಷ್ಟು ರಾಗಿ ಇಳಿಯಿತು ಎಂದು ಕೇಳುವವರು ಕಡಿಮೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1970ರ ದಶಕದ ಕೊನೆಯಿಂದಲೇ ರಾಗಿಯ ಮಾಲ್ಟ್ ಗುಣವನ್ನು ಅಭ್ಯಾಸ ಮಾಡಿ, ನಮ್ಮ ಕಿರುಧಾನ್ಯಗಳಲ್ಲಿ ಈ ಕೆಲಸಕ್ಕೆ ರಾಗಿ ಮೇಲು ಎಂದು ತೋರಿಸಿಕೊಟ್ಟರು. ತಳಿಯಿಂದ ತಳಿಗೆ ಆ ಗುಣ ಬೇರೆಬೇರೆ ಎಂಬುದನ್ನೂ ಕಂಡರು. ಅಷ್ಟು ಹಿಂದೆಯೇ ಗೊತ್ತಾದ ಈ ಸಂಗತಿ ನಮ್ಮ ಮಾರುಕಟ್ಟೆಯ ಕಟ್ಟೆಯನ್ನು ಇನ್ನೂ ಹತ್ತಿಲ್ಲ ಎಂಬುದೇ ನನ್ನ ತಕರಾರು.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅಲ್ಲಿಯ ಒಕ್ಕಲು ಮನೆಗಳಲ್ಲಿ ರಾಗಿಯನ್ನು ಉಣ್ಣುವಷ್ಟೇ ಸಹಜವಾಗಿ ಮೊಳಕೆ ಕಟ್ಟಿ ಬಿಯರ್ ಮಾಡುತ್ತ ಬಂದಿದ್ದಾರೆ. ಉಗಾಂಡ, ಜಾಂಬಿಯ, ಜಿಂಬಾಬ್ವೆಗಳಲ್ಲಿ ರಾಗಿಯ ಮಾಲ್ಟಿಗೆ ಹೆಸರಿದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ನಮ್ಮ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಇಲ್ಲಿಯ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಲಕ್ಷಾಂತರ ಮನೆಗಳ ಕಣಜ ತುಂಬಿತು. ಆಫ್ರಿಕದಿಂದ ಕಾಳಿನ ಗುಣ ಬಂತು, ಅದನ್ನು ಮಾಲ್ಟ್ ಮಾಡಿ ಮಾರುವ ಕಸಬು ಬರಲಿಲ್ಲ. ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳದ ಪೂರ್ವಭಾಗದವರು ರಾಗಿಯಿಂದ ತೊಂಗ್‌ಬಾ ಮಾಡುತ್ತಾರೆ. ಹುದುಗಿದ ರಾಗಿಗೆ ಬಿಸಿನೀರು ಸುರಿದು ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ. ಅವರು ಮೊಳಕೆ ಕಟ್ಟುವುದಿಲ್ಲ. ಬೆಂದ ರಾಗಿಗೆ ಮರ್ಚಾ ಎಂಬ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಹಾಕುತ್ತಾರೆ. ಅದರಲ್ಲಿನ ಬೂಷ್ಟು ಪಿಷ್ಟ ಕತ್ತರಿಸುವ ಕೆಲಸ ಮಾಡುತ್ತದೆ. ದಾರಿ ಎರಡು, ಸೇರುವ ಊರು ಒಂದೇ.

ಕಾಳಿದ್ದರೂ ಮಾಲ್ಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೈಜೀರಿಯದ ಕಥೆ ಕೇಳಬೇಕು. 1988ರಿಂದ ಆ ದೇಶ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿತು. ವಿದೇಶಿ ವಿನಿಮಯ ಉಳಿಸಿ ತಮ್ಮ ರೈತರ ಜೋಳ, ಮೆಕ್ಕೆಜೋಳಗಳಿಗೆ ಮಾರುಕಟ್ಟೆ ಒದಗಿಸುವುದು ಉದ್ದೇಶ. ಕಾರ್ಖಾನೆಗಳು ಜೋಳಕ್ಕೆ ತಿರುಗಿದವು, ಬಿಯರೂ ಆಯಿತು. ಆದರೆ ಜೋಳವನ್ನು ಅಷ್ಟು ಪ್ರಮಾಣದಲ್ಲಿ ಮೊಳಕೆ ಕಟ್ಟುವ ವ್ಯವಸ್ಥೆ ಬೆಳೆದಿರಲಿಲ್ಲ. ಬಹುಪಾಲು ಕಾರ್ಖಾನೆಗಳು ಹಸಿ ಜೋಳವನ್ನೇ ಬೇಯಿಸಿ, ಪಿಷ್ಟ ಕತ್ತರಿಸಲು ಕಾರ್ಖಾನೆಯಲ್ಲಿ ತಯಾರಾದ ಕಿಣ್ವವನ್ನು ಹೊರದೇಶದಿಂದ ತರಿಸಿಕೊಂಡವು. ಮಾಲ್ಟಿನ ಆಮದು ನಿಂತಿತು, ಕಿಣ್ವದ ಆಮದು ಆರಂಭವಾಯಿತು. ರೈತ ಕಾಳು ಮಾರಿದ, ಕಾಳಿಗೆ ಜೀವ ಇದ್ದುದಕ್ಕೆ ಅವನಿಗೆ ಒಂದು ಕಾಸೂ ಹೆಚ್ಚು ಸಿಗಲಿಲ್ಲ.

ಹಾಗಾದರೆ ಜೋಳ, ಮೆಕ್ಕೆಜೋಳ ಬಿಟ್ಟು ರಾಗಿಯೇ ಏಕೆ ಎಂದು ದಾವಣಗೆರೆ, ಹರಿಹರದ ಕಡೆಯವರು ಕೇಳಬಹುದು. ಇದು ಮೆಕ್ಕೆಜೋಳದ ಸೀಮೆ. 2025ರ ಕೊನೆಯಲ್ಲಿ ಮೆಕ್ಕೆಜೋಳದ ಧಾರಣೆ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 2,400 ರೂಪಾಯಿಗಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದದ್ದನ್ನು ಕಂಡಿದ್ದೇವೆ. ಮೆಕ್ಕೆಜೋಳಕ್ಕೆ ಬಿಯರ್ ಕಾರ್ಖಾನೆಗಳಲ್ಲಿ ಈಗಲೂ ಜಾಗವಿದೆ, ಆದರೆ ಬಾರ್ಲಿ ಮಾಲ್ಟಿನ ಜೊತೆ ಅಕ್ಕಿಯಂತೆ ಅಗ್ಗದ ಪಿಷ್ಟವಾಗಿ ಮಾತ್ರ. ಅದನ್ನೇ ಮೊಳಕೆ ಕಟ್ಟಲು ಹೋದರೆ ಕಾಳು ದಪ್ಪ, ನೀರು ಕುಡಿಯುವುದು ನಿಧಾನ, ಕಣ್ಣಿನಲ್ಲಿ ಎಣ್ಣೆಯಿರುವುದರಿಂದ ಹಿಟ್ಟು ಕಮಟುತ್ತದೆ.

ಜೋಳದ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಮಹಿಳಾ ಮಂಡಳಿಯವರಿಗೆ, ರೊಟ್ಟಿ ತಿನ್ನುವ ಸೀಮೆಯಲ್ಲವೇ ಎಂದು, ಜೋಳದ ಮೊಳಕೆ ಹಿಟ್ಟು ಮಾಡಲು ಹೇಳಿಕೊಟ್ಟೆ. ಅದೂ ಶ್ರಾವಣದ ಜಡಿಮಳೆಯಲ್ಲಿ. ಎರಡನೆಯ ದಿನಕ್ಕೆ ಗಂಟಿನೊಳಗೆ ಹಸುರು, ಕಪ್ಪು ಬೂಷ್ಟು. ಅಷ್ಟಕ್ಕೇ ಮುಗಿದಿದ್ದರೆ ಬೂಷ್ಟು ಹಿಡಿದ ಕಾಳನ್ನು ತಿಪ್ಪೆಗೆ ಹಾಕಿ ಬರಬಹುದಿತ್ತು. ಒಬ್ಬ ಮುದುಕಿ ನನ್ನನ್ನು ಕೇಳಿದಳು: “ಎಳೆ ಜೋಳದ ಪೈರು ಮೇಯ್ದು ದನ ಹೊಟ್ಟೆ ಉಬ್ಬಿ ಸಾಯ್ತಾವಲ್ರಿ ಸಾಹೇಬ್ರ, ಈ ಮೊಳಕೆ ಕೂಸಿಗೆ ಏನೂ ಮಾಡಂಗಿಲ್ಲೇನು?” ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಬಂದು ಪುಸ್ತಕ ತೆರೆದಾಗ ಮೈ ಬೆವರಿತು. ಜೋಳದ ಎಳೆ ಮೊಳಕೆಯಲ್ಲೂ ಬೇರಿನಲ್ಲೂ ಸಯನೈಡ್ ಬಿಡುಗಡೆ ಮಾಡುವ ವಸ್ತುವಿರುತ್ತದೆ. ದನವನ್ನು ಕೊಲ್ಲುವುದೂ ಅದೇ. ಆಫ್ರಿಕದವರು ಜೋಳದ ಮಾಲ್ಟನ್ನು ಚೆನ್ನಾಗಿ ಒಣಗಿಸಿ, ಮೊಳಕೆ ಬೇರುಗಳನ್ನು ಉಜ್ಜಿ ತೆಗೆದು, ಬೇಯಿಸಿ ಬಳಸುತ್ತಾರೆ. ತಿಳಿದವರ ಕೈಯಲ್ಲಿ ಅದು ಸರಿ. ಕೂಸಿನ ಆಹಾರಕ್ಕೆ ಮಾತ್ರ ನಾನು ಅಂದಿನಿಂದ ಜೋಳದ ಮೊಳಕೆಯನ್ನು ಯಾರಿಗೂ ಹೇಳಿಲ್ಲ. ರಾಗಿಯಲ್ಲಿ ಈ ಭಯವಿಲ್ಲ. ಅದರ ಕೆಂಪು ಹೊದಿಕೆಯಲ್ಲಿರುವ ಒಗರಿನ ಅಂಶ ಬೂಷ್ಟನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಎರಡು ದಿನದಲ್ಲಿ ಮೊಳಕೆ ಬರುತ್ತದೆ. ಬಾರ್ಲಿಗೆ 15 ಡಿಗ್ರಿಯ ಸುತ್ತಿನ ತಂಪು, ನಾಲ್ಕೈದು ದಿನ ಬೇಕು; ರಾಗಿಗೆ ನಮ್ಮ 25ರಿಂದ 30 ಡಿಗ್ರಿಯ ಸೆಕೆಯೇ ಹಿತ.

ರಾಗಿಯ ಕುಂದನ್ನೂ ಹೇಳಬೇಕು. ಪಿಷ್ಟವನ್ನು ಕೊನೆಯವರೆಗೂ ಸಕ್ಕರೆ ಮಾಡುವ ಬಲ ಬಾರ್ಲಿ ಮಾಲ್ಟಿನಲ್ಲಿ ಇರುವಷ್ಟು ಇದರಲ್ಲಿಲ್ಲ. ಬಾರ್ಲಿಗೆ ಹೊಟ್ಟು ಅಂಟಿಕೊಂಡಿರುವುದರಿಂದ ಕಾಯಿಸಿದ ರಸ ಆ ಹೊಟ್ಟಿನ ಮೂಲಕವೇ ಸೋಸಿ ಬರುತ್ತದೆ. ರಾಗಿಗೆ ಹೊಟ್ಟಿಲ್ಲ, ಕೆಸರಾಗಿ ಕೂರುತ್ತದೆ. ಬೆಲೆಯಲ್ಲಂತೂ ಹೋಲಿಕೆಯೇ ಇಲ್ಲ. 2025-26ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅದೇ ಸಾಲಿನ ಮಾರಾಟಕ್ಕೆ ಬಾರ್ಲಿಗೆ ಗೊತ್ತುಪಡಿಸಿದ್ದು 1,980. ಆದ್ದರಿಂದ ದೊಡ್ಡ ಬಿಯರ್ ಕಾರ್ಖಾನೆಗಳು ರಾಜಸ್ಥಾನ, ಹರಿಯಾಣಗಳ ಬಾರ್ಲಿ ಬಿಟ್ಟು ನಮ್ಮ ರಾಗಿಗೆ ಬರುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಪ್ಸನ್ನು ಇಲ್ಲಿ ಬೆಳೆಯೋಣವೆಂದು ಸಸಿ ಮಾರಲು ಬರುವವರನ್ನೂ ನಂಬಬೇಡಿ. ಬೇಸಿಗೆಯ ಹಗಲು ಬಹಳ ಉದ್ದವಾಗಿರುವ ತಂಪು ಸೀಮೆಯ ಬಳ್ಳಿ ಅದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲಿನಲ್ಲಿ, ಕಾಶ್ಮೀರದಲ್ಲಿ ಬೆಳೆದಾರು. ದಾವಣಗೆರೆಯ ಹಗಲಿಗೆ ಅದು ಹೂ ಕೊಡುವಂಥದಲ್ಲ.

ರಾಗಿ ಮಾಲ್ಟಿಗೆ ಗಿರಾಕಿ ಯಾರು? ಕೂಸಿನ ಆಹಾರ ಮಾಡುವ ಸ್ತ್ರೀಶಕ್ತಿ ಸಂಘಗಳು, ಆರೋಗ್ಯ ಪೇಯ ಮಾರುವವರು, ಬೇಕರಿಯವರು. ಪರವಾನಗಿ ಪಡೆದು ಸಣ್ಣ ಪ್ರಮಾಣದಲ್ಲಿ ಬಿಯರ್ ಕಾಯಿಸುವ ಬೆಂಗಳೂರಿನ ಮಳಿಗೆಯವರೂ ಸೇರಿದ್ದಾರೆ. ರಾಗಿ ಬಿಯರ್ ಎಂದು ಹಲಗೆ ಹಾಕಿ ಮಾರಿದವರು ಅವರಲ್ಲಿದ್ದಾರೆ. ಅವರೆಲ್ಲರಿಗೂ ಬೇಕಾದದ್ದು ಒಂದೇ: ಹಾಕಿದ ಕಾಳೆಲ್ಲ ಒಟ್ಟಿಗೆ ಮೊಳೆಯಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ರೈತರ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ, ಕುಡಿತದಿಂದ ಹಾಳಾದ ಮನೆಗಳು ಸಾಲದೇ? ಆಕ್ಷೇಪಣೆ ನ್ಯಾಯವಾದದ್ದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಜೀವ ಹೋಯಿತು. ಅದರ ಹಿಂದಿನ ವರ್ಷ, 2007ರ ಜುಲೈ 1ರಿಂದ, ನಮ್ಮಲ್ಲಿ ಸಾರಾಯಿ ನಿಷೇಧವಾಗಿತ್ತು. ಆ ಸಾವುಗಳಿಗೆ ಕಾರಣ ಮೊಳಕೆಯೂ ಅಲ್ಲ, ಹುದುಗುವಿಕೆಯೂ ಅಲ್ಲ, ಲಾಭಕ್ಕಾಗಿ ಬೆರೆಸಿದ ಮೀಥೈಲ್ ಮದ್ಯಸಾರ ಎಂದು ವಾದಿಸಬಹುದು. ಗಂಡನ ಕುಡಿತದಿಂದ ಬೇಸತ್ತ ಹೆಂಗಸಿನ ಮುಂದೆ ನಿಂತು ಆ ವಾದ ಹೂಡಲು ನನಗೆ ಇಷ್ಟವಿಲ್ಲ. ಬಿಯರ್ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ದಾವಣಗೆರೆಯಲ್ಲಿ ಭಟ್ಟಿ ಎಂದರೆ ಮಂಡಕ್ಕಿ ಭಟ್ಟಿ, ಬೇರೆ ಕಡೆ ಭಟ್ಟಿ ಎಂದರೆ ಇನ್ನೊಂದು. ಒಲೆ ಒಂದೇ, ಮೇಲೆ ಏನಿಟ್ಟಿದ್ದೇವೆ ಎಂಬುದು ಬೇರೆ. ಮಾಲ್ಟ್ ಕೂಡ ಹಾಗೆಯೇ.

ಮಂಡಕ್ಕಿಯ ಮಾತು ಬಂದದ್ದರಿಂದ ಇನ್ನೊಂದು ಮಾತು. ಭತ್ತ ನೆನೆಸುವುದು, ಬೇಯಿಸುವುದು, ಅಂಗಳದಲ್ಲಿ ಹರವಿ ಹದವರಿತು ಒಣಗಿಸುವುದು, ಮರಳಿನ ಬಿಸಿಯನ್ನು ಕಣ್ಣಳತೆಯಲ್ಲಿ ತಿಳಿಯುವುದು, ಇವೆಲ್ಲ ಆ ಭಟ್ಟಿಯವರಿಗೆ ಕರಗತ. ಕಾಳು ನೆನೆಸಿ ಒಣಗಿಸುವ ಕೆಲಸದಲ್ಲಿ ಅವರಷ್ಟು ನುರಿತ ಕೈಗಳು ಬೇರೆಲ್ಲಿವೆ? ಮಾಲ್ಟ್ ತಯಾರಿಕೆಯ ತರಬೇತಿ ಕೊಡುವುದಾದರೆ ಮೊದಲು ಅವರನ್ನು ಕರೆಯಬೇಕೆಂದು ನನ್ನ ಸಲಹೆ.

ಈಗ ನಮ್ಮ ಕಡೆಯ ತಪ್ಪಿಗೆ ಬರೋಣ. ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆ ಮಳೆಯಾಶ್ರಯದಲ್ಲಿ ರಾಗಿ ಬೆಳೆಯುತ್ತೇವೆ. ಕೊಯ್ದ ತೆನೆಯನ್ನು ಎಷ್ಟೋ ಮಂದಿ ಡಾಂಬರು ರಸ್ತೆಗೆ ಹರವುತ್ತಾರೆ; ಹೋಗಿಬರುವ ಲಾರಿ, ಬಸ್ಸುಗಳೇ ಒಕ್ಕಣೆ ಮಾಡಿಕೊಡುತ್ತವೆ. ಅದರಿಂದ ಅಪಘಾತಗಳಾಗುತ್ತವೆ ಎಂಬುದು ಒಂದು ಕಡೆ. ಚಕ್ರದಡಿ ಕಾಳು ಜಜ್ಜುತ್ತದೆ, ಡಾಂಬರಿನ ಕಾವಿಗೆ ಬೇಯುತ್ತದೆ, ಕಲ್ಲುಪುಡಿ ಸೇರುತ್ತದೆ. ಮುದ್ದೆಗೆ ಬೀಸಿದರೆ ತಿಳಿಯುವುದಿಲ್ಲ, ಮೊಳಕೆ ಕಟ್ಟಿದರೆ ತಿಳಿಯುತ್ತದೆ. ಮಳೆಗೆ ತೋಯ್ದು ಬಣವೆಯಲ್ಲೇ ಕಣ್ಣು ಬಿಟ್ಟ ರಾಗಿ, ಹಳೆಯ ವರ್ಷದ ರಾಗಿ, ಹೊಸ ರಾಗಿ ಎಲ್ಲ ಒಂದೇ ಚೀಲದಲ್ಲಿ. ಹಗೇವಿನಲ್ಲಿ ಹಲವು ವರ್ಷ ಇಟ್ಟ ರಾಗಿ ಉಣ್ಣಲು ಸರಿ, ಮೊಳಕೆಗೆ ಬಾರದು. ಖರೀದಿ ಕೇಂದ್ರದಲ್ಲಿ ತೇವ ನೋಡುತ್ತಾರೆ, ಕಸಕಡ್ಡಿ ನೋಡುತ್ತಾರೆ. ನೂರರಲ್ಲಿ ಎಷ್ಟು ಕಾಳಿಗೆ ಜೀವವಿದೆ ಎಂದು ನೋಡುವುದಿಲ್ಲ. ಕೇಳುವವರಿಲ್ಲದ ಗುಣವನ್ನು ಕಾಪಾಡು ಎಂದು ರೈತನಿಗೆ ಬರೀ ಉಪದೇಶ ಮಾಡಿ ಪ್ರಯೋಜನವಿಲ್ಲ. ಬಿತ್ತನೆಯ ಪ್ರಮಾಣಿತ ರಾಗಿ ಬೀಜಕ್ಕೆ ಶೇಕಡಾ 75ರಷ್ಟು ಮೊಳಕೆ ಇದ್ದರೆ ಸಾಕೆನ್ನುತ್ತಾರೆ. ಬಾರ್ಲಿ ಮಾಲ್ಟ್ ಮಾಡುವವರು 95ಕ್ಕಿಂತ ಕಡಿಮೆ ಇದ್ದರೆ ಲಾಟನ್ನು ಹಿಂದಕ್ಕೆ ಕಳುಹಿಸುತ್ತಾರೆ. ಮೊಳೆಯದ ಕಾಳು ಸುಮ್ಮನೆ ಕೂರುವುದಿಲ್ಲ, ಪಕ್ಕದ ಕಾಳಿಗೆ ಬೂಷ್ಟು ಹತ್ತಿಸುತ್ತದೆ.

ಆದ್ದರಿಂದ ಮೊಳಕೆ ಪ್ರಮಾಣ ಅಳೆದು, 90ಕ್ಕಿಂತ ಮೇಲಿದ್ದ ರಾಗಿಯನ್ನು ಬೇರೆ ರಾಶಿ ಹಾಕಿ, ಅದಕ್ಕೆ ಬೇರೆ ಧಾರಣೆ ಕೂಗುವ ಪದ್ಧತಿ ಬರಬೇಕು. ಇದನ್ನು ಸರ್ಕಾರವೇ ಆರಂಭಿಸಲಿ ಎಂದು ಕಾಯುವ ಅಗತ್ಯವಿಲ್ಲ. ರೈತ ಉತ್ಪಾದಕ ಸಂಸ್ಥೆಗಳು ಮಾಡಬಹುದು. ವಿಶ್ವವಿದ್ಯಾನಿಲಯಗಳೂ ಜಿ.ಪಿ.ಯು.-28, ಎಂ.ಎಲ್.-365ರಂಥ ತಳಿಗಳ ಬಗ್ಗೆ ಬರೆಯುವಾಗ ಇಳುವರಿ, ಬೆಂಕಿರೋಗ, ಅವಧಿಯ ಜೊತೆಗೆ ಮಾಲ್ಟಿಗೆ ಹೇಗೆ ಎಂಬ ಒಂದು ಸಾಲು ಸೇರಿಸಬೇಕು. ಆ ಸಾಲು ಇಲ್ಲದಿರುವುದರಿಂದ ರೈತ ಕುರುಡಾಗಿ ಆರಿಸುತ್ತಿದ್ದಾನೆ.

ಮೊಳಕೆ ಅಳೆಯಲು ಯಂತ್ರ ಬೇಡ. ಚೀಲದ ಮೇಲೆ, ನಡುವೆ, ತಳದಿಂದ ಕಾಳು ತೆಗೆದು ಬೆರೆಸಿ, ಆರಿಸದೆ ನೂರು ಎಣಿಸಿ. ಒದ್ದೆ ಬಟ್ಟೆಯಲ್ಲಿ ಸಾಲಾಗಿ ಹರಡಿ ಸುತ್ತಿ, ಒಣಗದಂತೆ ಮೂರು ದಿನ ನೆರಳಿನಲ್ಲಿಡಿ. ಎದ್ದ ಕಾಳನ್ನು ಎಣಿಸಿದರೆ ಅದೇ ಶೇಕಡಾವಾರು.

ಮಾಲ್ಟ್ ಮಾಡುವ ಕ್ರಮವನ್ನು ನಮ್ಮ ತಾಯಿಯವರು ಹೇಳಿದಂತೆ ಬರೆಯುತ್ತೇನೆ. ಬಿಸಿಯ ಅಳತೆ ಮಾತ್ರ ನನ್ನದು. ಎರಡು ಕಿಲೋ ರಾಗಿಯನ್ನು ಕಲ್ಲು ಹೋಗುವಂತೆ ಗಾಳಿಸಿ, ತೇಲಿದ ಜಳ್ಳು ತೆಗೆದು, ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಸಂಜೆ ನೆನೆಹಾಕಿ ಮಲಗುವ ಮುನ್ನ ಒಮ್ಮೆ ನೀರು ಬದಲಿಸಿದರೆ ಬೆಳಗ್ಗೆ ಬಸಿಯಬಹುದು. ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳು ಕಾವೇರಿ ಹುಳಿಯುತ್ತದೆ. ದಿನಕ್ಕೆ ಎರಡು ಸಲ ಗಂಟು ಬಿಚ್ಚಿ ನೀರು ಚಿಮುಕಿಸಿ ಕೈಯಾಡಿಸಬೇಕು. ಬೇಸಿಗೆಯಲ್ಲಿ ಎರಡು ದಿನ, ಚಳಿಯಲ್ಲಿ ಮೂರು ದಿನ. ಬಳಿಕ ತೆಳುವಾಗಿ ಹರವಿ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ ಕೇರಿ, ಘಮ ಬರುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಬಿಸಿ 70-75 ಡಿಗ್ರಿ ದಾಟಬಾರದು, ಎಂದರೆ ಕಾಳು ಚಟಗುಟ್ಟಬಾರದು. ಚಟಗುಟ್ಟಿತೆಂದರೆ ಕಿಣ್ವ ಸತ್ತಿತು. ಅದು ಹುರಿಹಿಟ್ಟಾದೀತು, ಮಾಲ್ಟ್ ಆಗದು. ಅಂಗಡಿಯಲ್ಲಿ ರಾಗಿ ಮಾಲ್ಟ್ ಎಂದು ಸಿಗುವ ಹಲವು ಪುಡಿಗಳು ಹೀಗೆ ಹುರಿದ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಬೆರೆಸಿದವು. ಮೇಲೆ ಹೇಳಿದ ಎರಡು ಬಟ್ಟಲಿನ ಪರೀಕ್ಷೆ ಮಾಡಿದರೆ ಬಣ್ಣ ಬಯಲಾಗುತ್ತದೆ.

ಎರಡು ಎಚ್ಚರಿಕೆ. ರೈತ ಸಂಪರ್ಕ ಕೇಂದ್ರದಿಂದ ತಂದ, ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಯಾವ ಕಾರಣಕ್ಕೂ ಮಾಲ್ಟಿಗೆ ಬಳಸಬಾರದು. ತೊಳೆದರೆ ಹೋಗುತ್ತದೆ ಎಂಬುದು ತಪ್ಪು. ಕೂಸಿಗೆ ಕೊಡುವ ಗಂಜಿಗೆ ಮಾಲ್ಟ್ ಹಾಕಿ ತೆಳ್ಳಗಾದ ಮೇಲೆ ಇನ್ನೊಮ್ಮೆ ಕುದಿ ಬರಿಸಿ ಆರಿಸಿಯೇ ಕೊಡಬೇಕು, ಏಕೆಂದರೆ ಮೊಳಕೆಯ ಜೊತೆ ರೋಗಾಣುಗಳೂ ಬೆಳೆದಿರಬಹುದು. ಬೂಷ್ಟಿನ ವಾಸನೆ ಬಂದ ಗಂಟನ್ನು ದನಕ್ಕೂ ಹಾಕಬೇಡಿ.

ಹುಡುಗ ಬಿಯರಿನ ಆಸೆ ಬಿಟ್ಟನೋ ಇಲ್ಲವೋ ನಾನು ಕೇಳಲಿಲ್ಲ. ಆದರೆ ನೂರು ಕಾಳಿನ ಪರೀಕ್ಷೆಯನ್ನು ಮಾತ್ರ ತಾರಸಿಯ ಮೇಲೆ ಮಾಡಿದ. ಒಂದು ಬಟ್ಟೆಯಲ್ಲಿ ಮಾರುಕಟ್ಟೆಯಿಂದ ತಂದ ರಾಗಿ, ಇನ್ನೊಂದರಲ್ಲಿ ಚನ್ನಗಿರಿ ಕಡೆಯ ನಮ್ಮ ಬೀಗರು ಕಣದಲ್ಲಿ ಒಕ್ಕಿ, ಬೀಜಕ್ಕೆಂದು ಎತ್ತಿಟ್ಟ ರಾಗಿ. ಮೂರನೆಯ ದಿನ ಬೀಗರ ರಾಗಿಯಲ್ಲಿ ಏಳದ ಕಾಳು ಹುಡುಕಬೇಕಾಯಿತು. ಮಾರುಕಟ್ಟೆಯ ರಾಗಿಯಲ್ಲಿ ಮೂರಕ್ಕೆ ಒಂದು ಕಾಳು ಹಾಗೆಯೇ ಮಲಗಿತ್ತು. “ಎರಡಕ್ಕೂ ಒಂದೇ ರೇಟಾ ದೊಡ್ಡಪ್ಪ?” ಎಂದು ಕೇಳಿದ. ಒಂದೇ ಎಂದೆ. ಬೀಗರ ರಾಗಿ ಇನ್ನೆರಡು ಕಿಲೋ ಬೇಕೆಂದು ಅವನೇ ಫೋನು ಮಾಡಿದ. ಎಷ್ಟು ಕೊಡಬೇಕೆಂದು ಕೇಳಿದಾಗ ಅವರು ಹೇಳಿದ್ದೂ ಅಂದಿನ ಮಾರುಕಟ್ಟೆ ಧಾರಣೆಯನ್ನೇ.